ಋಷಿಪಂಚಮೀ ವ್ರತವೂ ರಜೋನಿವೃತ್ತಿಯೂ

ಭಾದ್ರಪದ ಶುದ್ಧ ಚತುರ್ಥಿಯಂದು ವಿಘ್ನೇಶ್ವರನ ಪೂಜೆಯಾದ ಮರುದಿನ ಬರುವ ಪಂಚಮಿಗೆ ಋಷಿಪಂಚಮಿಯೆಂದು ಹೆಸರು. ಗೌರೀಗಣೇಶರ ಹಬ್ಬದ ಸಂಭ್ರಮದಲ್ಲಿ ಈ ವ್ರತವು ಸದ್ದಿಲ್ಲದೆ ನಡೆದುಹೋಗುತ್ತದೆ. ಮನೆಯ ಹಿರಿಯ ಸ್ತ್ರೀಯು ಬೆಳಗಿನ ಜಾವದಲ್ಲೆದ್ದು, ಉತ್ತರಣೆಯ ಕಡ್ಡಿಗಳಿಂದ ದಂತಧಾವನ ಮಾಡಿ, ಸ್ನಾನ ಮುಗಿಸಿ, ಕಶ್ಯಪ, ಅತ್ರಿ, ಭರದ್ವಾಜ, ವಿಶ್ವಾಮಿತ್ರ, ಗೌತಮ, ಜಮದಗ್ನಿ, ವಸಿಷ್ಠರೆಂಬ ಸಪ್ತರ್ಷಿಗಳನ್ನು ಅರುಂಧತೀದೇವಿಯ ಸಹಿತವಾಗಿ ಪೂಜಿಸುತ್ತಾಳೆ. ನೇಗಿಲಿನಿಂದ ಉತ್ತ ಭೂಮಿಯಲ್ಲಿ ಬೆಳೆದ ಧಾನ್ಯವನ್ನು ಅಂದು ಮುಟ್ಟುವುದಿಲ್ಲ. ಏಳು ವರ್ಷಗಳ ಕಾಲ ನಡೆಸಿ ಉದ್ಯಾಪನೆ ಮಾಡುವುದು ಗ್ರಂಥಗಳಲ್ಲಿ ಹೇಳಿದ ಕ್ರಮ; ಮುಟ್ಟು ನಿಂತ ಮೇಲೆ ಒಮ್ಮೆ ಹಿಡಿದು ಉದ್ಯಾಪನೆ ಮಾಡುವ ಮನೆತನಗಳೂ ಉಂಟು.

ಪ್ರತಿ ವರ್ಷ ಶ್ರಾವಣ ಮಾಸ ಬಂತೆಂದರೆ ಪುರೋಹಿತರ ಮನೆಗೆ ಈ ವಿಷಯವಾಗಿ ಪ್ರಶ್ನೆಗಳು ಬರುತ್ತವೆ. "ನಿಂತು ಆರು ತಿಂಗಳಾಯಿತು, ಈ ವರ್ಷವೇ ಹಿಡಿಯಬಹುದೇ?" "ಕಳೆದ ವರ್ಷ ಉದ್ಯಾಪನೆಯಾಯಿತು, ಈಗ ಮತ್ತೆ ಸ್ವಲ್ಪ ಕಂಡಿದೆ, ಮಾಡಿದ್ದು ವ್ಯರ್ಥವಾಯಿತೇ?" ಮೊದಲನೆಯ ಪ್ರಶ್ನೆಯನ್ನು ಮನೆಯವರು ಬಾಯಿಬಿಟ್ಟು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಕೇಳಿದರೂ ಬಾಗಿಲ ಮರೆಯಲ್ಲಿ ನಿಂತು, ಸೊಸೆಯ ಮೂಲಕವೋ ನಾದಿನಿಯ ಮೂಲಕವೋ ಕೇಳಿಸುತ್ತಾರೆ. ವಾಸ್ತವವಾಗಿ ಎರಡನೆಯ ಪ್ರಶ್ನೆಯೇ ಹೆಚ್ಚು ಮಹತ್ವದ್ದು. ಅದಕ್ಕೆ ಉತ್ತರ ಕೊಡಬೇಕಾದವರು ಪುರೋಹಿತರಿಗಿಂತ ಮೊದಲು ವೈದ್ಯರು. ಇದನ್ನು ಸ್ತ್ರೀಯರಿಗೂ ಅವರ ಮನೆಯವರಿಗೂ ಮನದಟ್ಟು ಮಾಡುವುದೇ ಈ ಲೇಖನದ ಉದ್ದೇಶ.

ಹೊರೆಯನ್ನು ಹೊತ್ತವರು

ಮುಟ್ಟೆಂಬುದು ಸ್ತ್ರೀಯು ತಾನು ಮಾಡಿದ ಪಾಪದ ಫಲವೆಂದು ಕೆಲವರು ಅಜ್ಞಾನದಿಂದ ಆಡುವುದುಂಟು. ಶ್ರೀಮದ್ಭಾಗವತದ ಆರನೆಯ ಸ್ಕಂಧವು ಹಾಗೆ ಹೇಳುವುದಿಲ್ಲ. ವಿಶ್ವರೂಪನನ್ನು ಕೊಂದ ಇಂದ್ರನಿಗೆ ಬ್ರಹ್ಮಹತ್ಯೆಯು ಅಂಟಿತು. ಅದನ್ನು ಅವನು ನಾಲ್ಕು ಪಾಲು ಮಾಡಿ ಭೂಮಿಗೂ, ಜಲಕ್ಕೂ, ವೃಕ್ಷಗಳಿಗೂ, ಸ್ತ್ರೀಯರಿಗೂ ಹಂಚಿದನು. ನಾಲ್ವರೂ ವರವನ್ನು ಪಡೆದು ಆ ಭಾರವನ್ನು ಸ್ವೀಕರಿಸಿದರು. ಭೂಮಿಯಲ್ಲಿ ಅದು ಚೌಳಾಗಿಯೂ, ನೀರಿನಲ್ಲಿ ನೊರೆಯಾಗಿಯೂ, ಮರದಲ್ಲಿ ಅಂಟಾಗಿಯೂ, ಸ್ತ್ರೀಯರಲ್ಲಿ ಮಾಸಿಕ ರಜಸ್ಸಾಗಿಯೂ ಕಾಣುತ್ತದೆ. ದೇವತೆಗಳ ರಾಜನ ಹೊರೆಯನ್ನು ಇಳಿಸಲು ತಮ್ಮ ಹೆಗಲು ಕೊಟ್ಟವರಲ್ಲಿ ಸ್ತ್ರೀಯರೂ ಸೇರಿದರೆಂಬುದು ಈ ಕಥೆಯ ತಾತ್ಪರ್ಯ. ಪರರ ಭಾರವನ್ನು ಹೊತ್ತವರನ್ನು ಗೌರವಿಸಬೇಕಲ್ಲದೆ ಹೀನವಾಗಿ ಕಾಣುವುದು ಸಲ್ಲದು.

ಋಷಿಪಂಚಮಿಯ ವ್ರತವನ್ನು ಹೇಳಿರುವುದು ಮುಟ್ಟಾದ ದಿನಗಳಲ್ಲಿ ತಿಳಿದೋ ತಿಳಿಯದೆಯೋ ನಡೆದ ಸ್ಪರ್ಶದೋಷದ ಪರಿಹಾರಕ್ಕಾಗಿ. ಮುಟ್ಟಿಗಾಗಿಯೇ ಪ್ರಾಯಶ್ಚಿತ್ತವನ್ನು ಅದು ವಿಧಿಸುವುದಿಲ್ಲ. ಸುಮಾರು ಮೂವತ್ತೈದು ವರ್ಷಗಳ ಕಾಲ ತಿಂಗಳು ತಿಂಗಳೂ ನಿಯಮವನ್ನು ಪಾಲಿಸಿದವಳು, ಆ ಕಾಲವು ಮುಗಿದಾಗ ಋಷಿಗಳಿಗೆ ಲೆಕ್ಕವನ್ನೊಪ್ಪಿಸಿ ನಿಶ್ಚಿಂತಳಾಗುವ ಕರ್ಮವಿದು.

ವ್ರತಕಥೆಯಲ್ಲಿ ಕಿವಿಗೊಡಬೇಕಾದ ಮಾತು

ಭವಿಷ್ಯೋತ್ತರ ಪುರಾಣದಲ್ಲಿ ಬಂದಿರುವ ಈ ವ್ರತದ ಕಥೆಯನ್ನು ವರ್ಷ ವರ್ಷವೂ ಓದುತ್ತೇವೆ. ಸುಮಿತ್ರನೆಂಬ ಬ್ರಾಹ್ಮಣನ ಪತ್ನಿ ಜಯಶ್ರೀ ರಜಸ್ವಲೆಯಾಗಿದ್ದಾಗ ಪಾತ್ರೆಗಳನ್ನು ಮುಟ್ಟಿದ ದೋಷದಿಂದ ಮರುಜನ್ಮದಲ್ಲಿ ಹೆಣ್ಣುನಾಯಿಯಾದಳು. ಸಂಸರ್ಗದೋಷದಿಂದ ಪತಿಯು ಎತ್ತಾದನು. ಇಬ್ಬರೂ ತಮ್ಮ ಮಗನಾದ ಸುಮತಿಯ ಮನೆಯಲ್ಲೇ ಇದ್ದರು. ತಂದೆಯ ಶ್ರಾದ್ಧದ ದಿನ ಪಾಯಸದ ಪಾತ್ರೆಗೆ ಹಾವೊಂದು ವಿಷವನ್ನು ಕಾರಿತು. ಅದನ್ನು ಕಂಡ ನಾಯಿಯು, ಬ್ರಾಹ್ಮಣರು ಉಂಡು ಸಾಯಬಾರದೆಂದು ತಾನೇ ಹೋಗಿ ಪಾತ್ರೆಯನ್ನು ಮುಟ್ಟಿ ಕೆಡಿಸಿತು. ಒಳಗಿನ ಕಾರಣವನ್ನು ಅರಿಯದ ಸೊಸೆ ಉರಿಯುವ ಕೊಳ್ಳಿಯಿಂದ ಹೊಡೆದಳು. ಆ ರಾತ್ರಿ ನಾಯಿಯು ಎತ್ತಿನ ಬಳಿ ತನ್ನ ನೋವನ್ನು ಹೇಳಿಕೊಂಡಿತು. ಎತ್ತು ತಾನೂ ದಿನವೆಲ್ಲ ಹಸಿದು ದುಡಿದುದನ್ನು ಹೇಳಿತು. ಮಗನು ಅದನ್ನು ಕೇಳಿಸಿಕೊಂಡನು. ಕೂಡಲೇ ಇಬ್ಬರಿಗೂ ಆಹಾರವನ್ನಿತ್ತು, ಕಾಡಿಗೆ ಹೋಗಿ ಋಷಿಗಳನ್ನು ಕೇಳಿ, ಅವರು ಹೇಳಿದಂತೆ ಋಷಿಪಂಚಮಿಯ ವ್ರತವನ್ನು ನಡೆಸಿ ತಂದೆತಾಯಿಗಳನ್ನು ಆ ಜನ್ಮದಿಂದ ಬಿಡಿಸಿದನು.

ಕಥೆಯ ಮೊದಲ ಭಾಗವನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಕೊನೆಯ ಭಾಗಕ್ಕೆ ಅಷ್ಟು ಗಮನ ಕೊಟ್ಟಿಲ್ಲ. ತಾಯಿಗೆ ತನ್ನ ನೋವನ್ನು ಹೇಳಿಕೊಳ್ಳಲು ಬಾಯಿರಲಿಲ್ಲ. ಮಗನು ಕಿವಿಗೊಟ್ಟು ಕೇಳಿದನು, ಬಲ್ಲವರ ಬಳಿಗೆ ಹೋದನು, ಪರಿಹಾರವನ್ನು ತಂದನು. ಇಂದಿಗೂ ನಮ್ಮ ಅನೇಕ ಮನೆಗಳಲ್ಲಿ ತಾಯಂದಿರಿಗೆ ಈ ವಿಷಯದಲ್ಲಿ ಬಾಯಿಲ್ಲ. ಕೇಳುವ ಕಿವಿಗಳಾದರೂ ಇರಬೇಕು.

ನಿಲ್ಲುವುದೆಂದರೆ ಏನು?

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ರಜಸ್ಸು ಹನ್ನೆರಡನೆಯ ವರ್ಷದಿಂದ ಮೊದಲಾಗಿ ಐವತ್ತನೆಯ ವರ್ಷದಲ್ಲಿ ಕ್ಷಯಿಸುವುದೆಂದು ಹೇಳಿದೆ. ಇಂದಿನ ವೈದ್ಯಶಾಸ್ತ್ರದ ಲೆಕ್ಕವೂ ಇದರಿಂದ ಬಹಳ ದೂರವಿಲ್ಲ. ಹೆಚ್ಚಿನ ಸ್ತ್ರೀಯರಿಗೆ ೪೫ರಿಂದ ೫೫ರ ಒಳಗೆ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು ಸುಮಾರು ೫೧. ನಮ್ಮ ದೇಶದಲ್ಲಿ ಇನ್ನೂ ನಾಲ್ಕೈದು ವರ್ಷ ಮುಂಚೆಯೇ, ಅಂದರೆ ೪೬-೪೭ರ ಸುಮಾರಿಗೆ ನಿಲ್ಲುವುದು ಸಾಮಾನ್ಯ.

ಇದರ ಕಾರಣ ಹೀಗಿದೆ. ಹೆಣ್ಣುಶಿಶುವು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಬೀಜಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು ಸುಮಾರು ನಾನೂರರಿಂದ ಐನೂರು ಮಾತ್ರ. ಉಳಿದುವು ತಾವಾಗಿಯೇ ಕರಗುತ್ತವೆ. ಭಂಡಾರವು ಬರಿದಾಗುತ್ತ ಬಂದಂತೆ ಅಂಡಾಶಯವು ಸ್ರವಿಸುವ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳೂ ಕಡಿಮೆಯಾಗುತ್ತವೆ. ಗರ್ಭಕೋಶದ ಒಳಪದರವನ್ನು ತಿಂಗಳು ತಿಂಗಳೂ ಬೆಳೆಸಿ ಕಳಚುವ ಕೆಲಸ ಈ ಹಾರ್ಮೋನುಗಳದೇ ಆದುದರಿಂದ, ಅವು ಕುಗ್ಗಿದಾಗ ಮುಟ್ಟು ಹಿಂದುಮುಂದಾಗಿ, ಕೊನೆಗೆ ನಿಲ್ಲುತ್ತದೆ. ಆದುದರಿಂದ ಇದು ರೋಗವಲ್ಲ. ಹಲ್ಲು ಹುಟ್ಟುವುದು, ಕೂದಲು ನರೆಯುವುದು ಹೇಗೋ ಇದೂ ಹಾಗೆಯೇ ಕಾಲಧರ್ಮ.

ನಿಂತಿತೆಂದು ಎಂದು ಹೇಳಬೇಕು? ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಕಾಣದಿದ್ದರೆ ಮಾತ್ರ ನಿಂತಿತೆಂದು ವೈದ್ಯರು ನಿರ್ಣಯಿಸುತ್ತಾರೆ. ನಾಲ್ಕು ತಿಂಗಳೋ ಎಂಟು ತಿಂಗಳೋ ಕಾಣದೆ ಮತ್ತೆ ಬರುವುದು ಈ ಸಂಧಿಕಾಲದಲ್ಲಿ ಸಹಜ. ಆ ಅವಧಿಯಲ್ಲಿ ಗರ್ಭಧಾರಣೆಯ ಸಾಧ್ಯತೆಯೂ ಪೂರ್ತಿ ಹೋಗಿರುವುದಿಲ್ಲವೆಂಬುದನ್ನು ದಂಪತಿಗಳು ಮರೆಯಬಾರದು. ಆದುದರಿಂದ "ಆರು ತಿಂಗಳಾಯಿತು, ವ್ರತ ಹಿಡಿಯಬಹುದೇ" ಎಂದು ಕೇಳುವವರಿಗೆ, ಒಂದು ಸಂವತ್ಸರ ಪೂರ್ತಿಯಾಗಲಿ, ಅವಸರ ಬೇಡ ಎನ್ನುವುದೇ ಒಳ್ಳೆಯ ಸಲಹೆ. ವರ್ಷ ಕಾದು ಹಿಡಿದರೆ ಮನಸ್ಸಿಗೆ ಸಂದೇಹವಿರದು.

ನಲವತ್ತಕ್ಕೆ ಮೊದಲೇ ನಿಂತರೆ ಅದನ್ನು ಸಹಜವೆಂದು ಬಿಡಬಾರದು. "ಪುಣ್ಯವಂತೆ, ಬೇಗ ಮುಗಿಯಿತು" ಎಂದು ಬಂಧುಗಳು ಹೇಳುವುದುಂಟು. ಆದರೆ ಎಲುಬಿಗೂ ಹೃದಯಕ್ಕೂ ದೊರೆಯಬೇಕಾದ ಹಾರ್ಮೋನಿನ ರಕ್ಷಣೆಯು ಹತ್ತು ವರ್ಷ ಮೊದಲೇ ತಪ್ಪಿದಂತಾಗುತ್ತದೆ. ಅಂಥವರು ವೈದ್ಯರನ್ನು ಕಂಡು ಚಿಕಿತ್ಸೆ ಪಡೆಯಲೇಬೇಕು. ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶವನ್ನು ಮಾತ್ರ ತೆಗೆದಿದ್ದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಎರಡು ಅಂಡಾಶಯಗಳನ್ನೂ ತೆಗೆದಿದ್ದರೆ ನಿವೃತ್ತಿಯು ಒಂದೇ ದಿನದಲ್ಲಿ ಬಂದಂತಾಗಿ, ತೊಂದರೆಗಳು ತೀವ್ರವಾಗಿರುತ್ತವೆ. ಶಸ್ತ್ರಚಿಕಿತ್ಸೆಯಾದವರು ಏನೇನು ತೆಗೆದರೆಂಬುದನ್ನು ಆಸ್ಪತ್ರೆಯ ಕಾಗದದಲ್ಲಿ ನೋಡಿ ತಿಳಿದುಕೊಂಡಿರಬೇಕು. ಆ ಕಾಗದವನ್ನು ಜೋಪಾನವಾಗಿಡಬೇಕು.

ಸಂಧಿಕಾಲದ ತೊಂದರೆಗಳು

ನಿಲ್ಲುವುದಕ್ಕೆ ಮೊದಲಿನ ನಾಲ್ಕೈದು ವರ್ಷಗಳಲ್ಲಿಯೂ ನಿಂತ ಮೇಲಿನ ಕೆಲವು ವರ್ಷಗಳಲ್ಲಿಯೂ ದೇಹದಲ್ಲಿ ಹಲವು ಬದಲಾವಣೆಗಳು ಕಾಣುತ್ತವೆ. ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಗಳಿಗೆ ಕಾವೇರಿ, ಬೆವರು ಸುರಿದು, ಕೆಲವು ನಿಮಿಷಗಳಲ್ಲಿ ಅದೇ ಇಳಿದು ಚಳಿಯಾಗುವುದು ಎಲ್ಲಕ್ಕಿಂತ ಸಾಮಾನ್ಯ. ಮೆದುಳಿನಲ್ಲಿ ದೇಹದ ಉಷ್ಣವನ್ನು ಕಾಯುವ ಕೇಂದ್ರವು ಈಸ್ಟ್ರೋಜೆನ್ ತಗ್ಗಿದಾಗ ಸೂಕ್ಷ್ಮವಾಗಿ, ಅಲ್ಪ ಬಿಸಿಯನ್ನೂ ದೊಡ್ಡದೆಂದು ಎಣಿಸುತ್ತದೆ. ಕೆಲವರಿಗೆ ಇದು ಒಂದೆರಡು ವರ್ಷವಿದ್ದರೆ ಮತ್ತೆ ಕೆಲವರಿಗೆ ಏಳೆಂಟು ವರ್ಷ ಮುಂದುವರಿಯುತ್ತದೆ. ರಾತ್ರಿಯ ಬೆವರಿನಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಮರೆವು, ಸಿಡುಕು, ಕಾರಣವಿಲ್ಲದ ಅಳು ಹಿಂಬಾಲಿಸುತ್ತವೆ. ಗುಹ್ಯಭಾಗವು ಒಣಗಿ ಉರಿಯುವುದು, ಮೂತ್ರವು ಪದೇಪದೇ ಬರುವುದು, ಕೀಲುಗಳಲ್ಲಿ ನೋವು, ಎದೆ ಡವಗುಟ್ಟುವುದು ಇವೂ ಉಂಟು.

"ಅತ್ತೆಯವರಿಗೆ ಈಚೆಗೆ ಸಿಟ್ಟು ಹೆಚ್ಚು", "ಅಮ್ಮ ಮೊದಲಿನಂತಿಲ್ಲ" ಎಂಬ ಮಾತುಗಳು ಮನೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಸ್ವಭಾವವು ಕೆಟ್ಟಿತೆಂದು ತಿಳಿಯುವ ಮೊದಲು, ರಾತ್ರಿ ನಿದ್ರೆಯಾಯಿತೇ ಎಂದು ಒಮ್ಮೆ ಕೇಳಬಾರದೇ? ಮಡಿಯುಟ್ಟು ಒಲೆಯ ಮುಂದೆ ಎರಡು ಮೂರು ಗಂಟೆ ನಿಲ್ಲುವವರ ಅವಸ್ಥೆಯನ್ನೂ ನೆನೆಯಬೇಕು. ಗಾಳಿಯಾಡದ ಅಡಿಗೆಮನೆ, ಮೈಗಂಟಿದ ರೇಷ್ಮೆಯ ಮಡಿ, ಎದುರಿಗೆ ಬೆಂಕಿ, ಒಳಗಿನಿಂದ ಏರುವ ಕಾವು. ಒಗೆದು ಒಣಹಾಕಿದ ಹತ್ತಿಯ ಸೀರೆಯೂ ಮಡಿಯೇ. ಕಿಟಕಿಯನ್ನು ತೆರೆದಿಡುವುದರಿಂದಾಗಲಿ, ನಡುವೆ ಕುಳಿತು ನೀರು ಕುಡಿಯುವುದರಿಂದಾಗಲಿ ಮಡಿಗೆ ಭಂಗವಿಲ್ಲ. ಬಿಸಿ ಕಾಫಿಯೂ ಅತಿಯಾದ ಖಾರವೂ ಕೆಲವರಲ್ಲಿ ಕಾವನ್ನು ಕೆರಳಿಸುತ್ತವೆ. ಅಂಥವರು ಅವನ್ನು ತಗ್ಗಿಸಿ ನೋಡಬಹುದು.

ಇಷ್ಟಕ್ಕೆ ಬಗ್ಗದ ತೊಂದರೆಗೆ ಔಷಧವುಂಟು. ಹಾರ್ಮೋನು ಚಿಕಿತ್ಸೆಯೆಂದರೆ ಜನರಲ್ಲಿ ಭಯವಿದೆ. ೨೦೦೨ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಹೊರಬಂದಾಗ, ಈ ಔಷಧದಿಂದ ಸ್ತನದ ಕ್ಯಾನ್ಸರೂ ರಕ್ತ ಹೆಪ್ಪುಗಟ್ಟುವುದೂ ಹೆಚ್ಚೆಂಬ ಸುದ್ದಿ ಹರಡಿತು. ಮುಂದೆ ಅದೇ ಅಂಕಿಗಳನ್ನು ವಯಸ್ಸಿಗನುಸಾರ ಬಿಡಿಸಿ ನೋಡಿದಾಗ, ಅರವತ್ತರ ಒಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದ, ಬೇರೆ ರೋಗವಿಲ್ಲದ ಸ್ತ್ರೀಯರಲ್ಲಿ ಅಪಾಯವು ಕಡಿಮೆಯೆಂದೂ ಪ್ರಯೋಜನವೇ ಹೆಚ್ಚೆಂದೂ ತಿಳಿದುಬಂತು. ಸ್ತನದ ಕ್ಯಾನ್ಸರ್ ಆದವರಿಗೂ, ರಕ್ತ ಹೆಪ್ಪುಗಟ್ಟುವ ದೋಷವಿದ್ದವರಿಗೂ ಇದು ಸಾಮಾನ್ಯವಾಗಿ ಸಲ್ಲದು. ಹಾರ್ಮೋನಲ್ಲದ ಔಷಧಗಳೂ ಇವೆ. ಯಾರಿಗೆ ಯಾವುದೆಂದು ವೈದ್ಯರೇ ನಿಶ್ಚಯಿಸಬೇಕು. ನೆರೆಮನೆಯವರಿಗೆ ಕೊಟ್ಟ ಗುಳಿಗೆಯನ್ನು ತಾವೂ ನುಂಗುವುದು, ಅಂಗಡಿಯಿಂದ ಚೂರ್ಣ ತಂದು ವರ್ಷಗಟ್ಟಲೆ ಸೇವಿಸುವುದು ಎರಡೂ ಸರಿಯಲ್ಲ.

ನಿಂತ ಮೇಲೆ ಕಂಡ ರಕ್ತ

ಈಗ ಆ ಎರಡನೆಯ ಪ್ರಶ್ನೆಗೆ ಬರೋಣ. ವಾಚಕರು ಬೇರೆಲ್ಲವನ್ನು ಮರೆತರೂ ಈ ಭಾಗವನ್ನು ಮರೆಯಬಾರದು.

ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದು ಹನಿಯಾಗಲಿ, ಒಂದೇ ದಿನವಾಗಲಿ, ಕಂದು ಬಣ್ಣದ ಕಲೆಯಷ್ಟೇ ಆಗಲಿ, ಅದು ಮುಟ್ಟಲ್ಲ. ಮುಟ್ಟು ಮರಳಿ ಬಂತೆಂಬುದು ತಪ್ಪು ತಿಳಿವಳಿಕೆ. ಅದಕ್ಕೆ ಬೇರೆ ಕಾರಣವಿರಲೇಬೇಕು. ಆ ಕಾರಣವನ್ನು ವೈದ್ಯರು ಕಂಡುಹಿಡಿಯಬೇಕು. ಹೆಚ್ಚಿನವರಲ್ಲಿ ಅದು ಒಳಪದರವು ತೆಳುವಾಗಿ ಒಡೆದುದೋ, ಗರ್ಭಕೋಶದಲ್ಲಿ ಬೆಳೆದ ಸಣ್ಣ ಗಂಟೋ ಆಗಿದ್ದು, ಸುಲಭವಾಗಿ ಗುಣವಾಗುತ್ತದೆ. ಆದರೆ ಹೀಗೆ ರಕ್ತ ಕಂಡವರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರಂತೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಆ ರೋಗದ ಮೊದಲ ಲಕ್ಷಣವೇ ಬಹುಮಟ್ಟಿಗೆ ಈ ರಕ್ತ. ಅದು ಗರ್ಭಕೋಶದ ಒಳಗೇ ಇರುವಾಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಹೊರಗೆ ಹರಡಿದ ಮೇಲೆ ಆ ಭರವಸೆ ಉಳಿಯುವುದಿಲ್ಲ. ಅಂದರೆ ಪ್ರಾಣವು ನಿಂತಿರುವುದು ಎಷ್ಟು ಬೇಗ ಹೇಳಿಕೊಂಡರು ಎಂಬುದರ ಮೇಲೆ. ಕೊಬ್ಬಿದ ಶರೀರ, ಸಕ್ಕರೆಯ ಕಾಯಿಲೆ ಇದ್ದವರಲ್ಲಿ ಇದು ಇನ್ನೂ ಹೆಚ್ಚು. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿಯೂ ಇದೇ ಲಕ್ಷಣವುಂಟು.

ಹೀಗಿದ್ದರೂ ನಮ್ಮ ಕುಟುಂಬಗಳಲ್ಲಿ ಇದನ್ನು ಮುಚ್ಚಿಡುವುದೇಕೆ? ಉದ್ಯಾಪನೆಯಾಗಿದೆ, ಸುತ್ತಲಿನವರಿಗೆ ತಿಳಿದರೆ ವ್ರತ ಕೆಟ್ಟಿತೆಂದಾರು ಎಂಬ ಅಂಜಿಕೆ. ಅಡಿಗೆ, ನೈವೇದ್ಯ, ಶ್ರಾದ್ಧಗಳ ಮಡಿಯೆಲ್ಲ ತನ್ನ ಮೇಲೆಯೇ ಇದೆ, ಈಗ ಹೇಳಿದರೆ ಎಲ್ಲವೂ ನಿಂತೀತು ಎಂಬ ಸಂಕೋಚ. ಮುಟ್ಟದೆ ದೂರ ಕೂಡಬೇಕೋ ಬೇಡವೋ ಎಂಬ ಸಂಶಯ. ಈ ಮೂರು ಕಾರಣಗಳಿಗಾಗಿ ತಿಂಗಳುಗಟ್ಟಲೆ ಹೇಳದೆ ಉಳಿಯುವವರಿದ್ದಾರೆ. ಹೇಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಸಂಶಯಕ್ಕೆ ಧರ್ಮಶಾಸ್ತ್ರದಲ್ಲೇ ಸಮಾಧಾನವಿದೆ. ರಜಸ್ಸು ಕಾಲದಿಂದ ಬರುವುದೊಂದು, ರೋಗದಿಂದ ಬರುವುದು ಇನ್ನೊಂದು ಎಂದು ನಿಬಂಧಕಾರರು ವಿಂಗಡಿಸಿದ್ದಾರೆ. ರೋಗದ ದೆಸೆಯಿಂದ ದಿನವೂ ಹರಿಯುವ ರಜಸ್ಸಿನಿಂದ ಸ್ತ್ರೀಯು ಅಶುಚಿಯಾಗಳೆಂದೂ, ಅದು ಅಕಾಲದಲ್ಲಿ ಬಂದುದೆಂದೂ ಪರಾಶರಸ್ಮೃತಿಯು ಹೇಳುತ್ತದೆ. ಸ್ರಾವವಿರುವವರೆಗೆ ದೇವಪಿತೃಕಾರ್ಯಗಳಲ್ಲಿ ತೊಡಗದಿರುವ ನಿಯಮವನ್ನು ಹಿರಿಯರಿಂದ ತಿಳಿದು ನಡೆಸಬಹುದು. ಆದರೆ ಮುಖ್ಯ ವಿಷಯವು ಸ್ಪಷ್ಟವಾಗಿದೆ: ಶಾಸ್ತ್ರವೂ ವೈದ್ಯವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ, ಇದು ಋತುವಲ್ಲ, ರೋಗ. ರೋಗಕ್ಕೆ ಔಷಧವೇ ಉತ್ತರ. ಹೀಗಿರುವಾಗ ಮಾಡಿದ ವ್ರತವು ವ್ಯರ್ಥವಾಯಿತೆಂದು ಕೊರಗಲು ಕಾರಣವೇ ಇಲ್ಲ.

ಪರೀಕ್ಷೆಗೆ ಹೆದರಬೇಕಾಗಿಲ್ಲ. ಸ್ತ್ರೀರೋಗತಜ್ಞರು ಮೊದಲು ಸ್ಕ್ಯಾನಿಂಗಿನಿಂದ ಒಳಪದರದ ದಪ್ಪವನ್ನು ಅಳೆಯುತ್ತಾರೆ. ಅದು ನಾಲ್ಕು ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಪದರದ ಚೂರನ್ನು ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಾರೆ. ಗಂಡು ವೈದ್ಯರಲ್ಲಿ ಸಂಕೋಚವಿದ್ದರೆ ಮಹಿಳಾ ವೈದ್ಯರನ್ನೇ ಕೇಳಿ ಹೋಗಬಹುದು. ರೋಗವು ದೃಢಪಟ್ಟರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರಕಾರದ ಕ್ಯಾನ್ಸರ್ ಆಸ್ಪತ್ರೆಗಳು ನಮ್ಮ ರಾಜ್ಯದಲ್ಲಿಯೇ ಇವೆ.

ನಿಲ್ಲುವ ಮೊದಲು ಕಾಣುವ ಅತಿಸ್ರಾವದ ವಿಷಯದಲ್ಲಿಯೂ ಎಚ್ಚರ ಬೇಕು. ಮುಟ್ಟು ದೂರ ದೂರವಾಗುತ್ತ, ಕಡಿಮೆಯಾಗುತ್ತ ಹೋಗುವುದು ಸಹಜ. ಹದಿನೈದು ದಿನಕ್ಕೊಮ್ಮೆ ಬರುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ಎಂಟು ಹತ್ತು ದಿನ ನಿಲ್ಲದಿರುವುದು ಸಹಜವಲ್ಲ. "ನಿಲ್ಲುವ ಕಾಲಕ್ಕೆ ಹೀಗೆಯೇ" ಎಂದು ಸಹಿಸಿಕೊಂಡು ರಕ್ತಹೀನತೆಯಿಂದ ಏದುಸಿರು ಬಿಡುವವರೆಗೆ ಕಾಯಬಾರದು. ಹಾಗೆಯೇ ಗರ್ಭಕೋಶವನ್ನು ತೆಗೆಸಬೇಕೆಂದು ಯಾರಾದರೂ ಒಮ್ಮೆಲೇ ಹೇಳಿದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಕೇಳಿ ಮುಂದುವರಿಯುವುದು ವಿವೇಕ.

ಎಲುಬಿನ ಬಲ ಮತ್ತು ಚಾತುರ್ಮಾಸ್ಯ

ಈಸ್ಟ್ರೋಜೆನ್ ತಗ್ಗಿದಾಗ ಎಲುಬಿನ ಸಾರವು ಕರಗುವ ವೇಗ ಹೆಚ್ಚುತ್ತದೆ; ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಇದು ಅತಿಯಾಗಿರುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿಯುವುದಕ್ಕೆ ಕಾರಣವು ಇಲ್ಲಿಯೇ ಬಿತ್ತಲ್ಪಟ್ಟಿರುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಆಹಾರತಜ್ಞರ ಅಭಿಪ್ರಾಯ. ಅರ್ಧ ಲೀಟರ್ ಹಾಲುಮೊಸರಿನಲ್ಲಿ ಸುಮಾರು ೬೦೦, ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦, ಹತ್ತು ಗ್ರಾಂ ಎಳ್ಳಿನಲ್ಲಿ ನೂರಕ್ಕೂ ಮಿಗಿಲು ದೊರೆಯುತ್ತದೆ. ಉಳಿದುದನ್ನು ದಂಟು, ಮೆಂತ್ಯ ಮೊದಲಾದ ಸೊಪ್ಪುಗಳು ತುಂಬುತ್ತವೆ.

ನಮ್ಮವರು ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಒಂದೊಂದು ತಿಂಗಳು ಬಿಡುತ್ತಾರೆ. ಈ ಕ್ರಮದಲ್ಲಿ ಹಾಲು ಮೊಸರುಗಳನ್ನು ಎರಡನ್ನೂ ಒಟ್ಟಿಗೆ ಬಿಡುವ ತಿಂಗಳೇ ಇಲ್ಲ. ಶಾಕವ್ರತದಲ್ಲಿ ಸೊಪ್ಪು ತಪ್ಪಿದರೂ ಹಾಲು ಮೊಸರುಗಳಿವೆ. ದಧಿವ್ರತದಲ್ಲಿ ಹಾಲುಂಟು, ಕ್ಷೀರವ್ರತದಲ್ಲಿ ಮೊಸರುಂಟು, ದ್ವಿದಳವ್ರತದಲ್ಲಿ ಎರಡೂ ಉಂಟು. ಆದುದರಿಂದ ಒಂದನ್ನು ಬಿಟ್ಟ ತಿಂಗಳಲ್ಲಿ ಇನ್ನೊಂದನ್ನು ಹೆಚ್ಚಿಸಿಕೊಂಡರೆ ವ್ರತಕ್ಕೂ ದೇಹಕ್ಕೂ ಕೊರತೆಯಾಗದು. ಕೊರತೆಯಾಗುವುದು ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಅಭ್ಯಾಸದಿಂದ. ಮನೆಯ ಗೃಹಿಣಿಗೂ ಒಂದು ಲೋಟ ಹಾಲು ಮೊದಲೇ ತೆಗೆದಿಟ್ಟಿರಬೇಕು.

ಕ್ಯಾಲ್ಸಿಯಂ ಎಲುಬಿಗೆ ಸೇರಬೇಕಾದರೆ ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವೂ, ದೇಹದ ಭಾರವನ್ನು ಕಾಲು ಹೊರುವ ವ್ಯಾಯಾಮವೂ ಬೇಕು. ದೇವಸ್ಥಾನದ ಪ್ರಾಕಾರದಲ್ಲಿ ದಿನವೂ ಅರ್ಧ ಗಂಟೆ ಚುರುಕಾಗಿ ಪ್ರದಕ್ಷಿಣೆ ಬರುವವರಿಗೆ ಇವೆರಡೂ ಸೇವೆಯ ಜೊತೆಗೆ ಸಿಗುತ್ತವೆ. ಮುಟ್ಟು ನಿಂತ ಮೇಲೆ ಸ್ತ್ರೀಯರಿಗೆ ಹೃದ್ರೋಗದ ಭಯವೂ ಏರುವುದರಿಂದ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ನಿತ್ಯ ಔಷಧ ಸೇವಿಸುವವರು ಏಕಾದಶಿಯ ದಿನ ಅದನ್ನು ತಾವಾಗಿಯೇ ಬಿಡದೆ ವೈದ್ಯರನ್ನು ಕೇಳಿ ನಡೆಯಬೇಕು. ಔಷಧದಿಂದ ವ್ರತಭಂಗವಾಗದೆಂಬ ಅಭಿಪ್ರಾಯವು ಮಹಾಭಾರತದ ಉದ್ಯೋಗಪರ್ವದಲ್ಲಿಯೂ ಇದೆ.

ತಪ್ಪಿಹೋದ ವಿಶ್ರಾಂತಿ

ಇನ್ನೊಂದು ಸಂಗತಿಯನ್ನು ಮನೆಯ ಗಂಡಸರು ಗಮನಿಸಬೇಕು. ಹೊರಗಾದ ಮೂರು ದಿನಗಳಲ್ಲಿ ಏನೇ ಕಷ್ಟಗಳಿರಲಿ, ಅಡಿಗೆಮನೆಯಿಂದ ಅಷ್ಟು ಬಿಡುವಾದರೂ ದೊರೆಯುತ್ತಿತ್ತು. ಮುಟ್ಟು ನಿಂತ ಮೇಲೆ ಆ ಬಿಡುವೂ ಇಲ್ಲ. "ಇನ್ನು ಅವರಿಗೇನು, ಯಾವಾಗಲೂ ಮಡಿಗೆ ಒದಗುತ್ತಾರೆ" ಎಂದು ಶ್ರಾದ್ಧ, ಆರಾಧನೆ, ಹಬ್ಬ, ಸಮಾರಾಧನೆಗಳ ಅಡಿಗೆಯ ಭಾರವೆಲ್ಲ ಅವಳ ತಲೆಗೇ ಬರುತ್ತದೆ. ನಿದ್ರೆ ಕೆಟ್ಟು, ಕೀಲು ನೋಯುವ ವಯಸ್ಸಿನಲ್ಲಿಯೇ ಕೆಲಸ ಹೆಚ್ಚುವುದು ಎಂತಹ ವಿಪರ್ಯಾಸ! ಮೂವತ್ತೈದು ವರ್ಷ ಹೊತ್ತ ಹೊರೆಯನ್ನು ಇಳಿಸಿದವಳ ಮೇಲೆ ಇನ್ನೊಂದು ಹೊರೆಯನ್ನೇರಿಸುವುದು ಋಷಿಪಂಚಮಿಯ ಅಭಿಪ್ರಾಯವಾಗಿರಲಾರದು. ಗಂಡಸರೂ ಮಡಿಯಲ್ಲಿ ಅಡಿಗೆ ಮಾಡಬಲ್ಲರು. ಮಠಗಳಲ್ಲಿ ಸಾವಿರಾರು ಜನಕ್ಕೆ ಅಡಿಗೆ ಮಾಡುವವರು ಗಂಡಸರೇ ಅಲ್ಲವೇ? ತಿಂಗಳಿಗೆ ಮೂರು ದಿನವಾದರೂ ಮನೆಯ ಮಗನೋ ಯಜಮಾನನೋ ಮಡಿಯುಟ್ಟು ಒಲೆಯ ಮುಂದೆ ನಿಂತರೆ ಸಂಪ್ರದಾಯಕ್ಕೆ ಯಾವ ಚ್ಯುತಿಯೂ ಬಾರದು.

ಈ ಭಾದ್ರಪದದಲ್ಲಿ ಯಾರ ಮನೆಯಲ್ಲಿ ಋಷಿಪಂಚಮಿಯ ವ್ರತವು ನಡೆಯುವುದೋ, ಅಲ್ಲಿ ಕಥಾಶ್ರವಣವಾದ ಮೇಲೆ ಮಕ್ಕಳು ತಾಯಿಯ ಪಾದಗಳಿಗೆ ನಮಸ್ಕರಿಸಿ, ಏಕಾಂತದಲ್ಲಿ ಒಂದೆರಡು ಮಾತು ಕೇಳಲಿ: ನಿದ್ರೆ ಬರುತ್ತಿದೆಯೇ, ನೋವೆಲ್ಲಿಯಾದರೂ ಇದೆಯೇ, ನಿಂತ ಮೇಲೆ ಮತ್ತೆ ಏನಾದರೂ ಕಂಡಿದೆಯೇ. ಮಗನಿಗೆ ಸಂಕೋಚವಾದರೆ ಮಗಳು ಕೇಳಲಿ, ಸೊಸೆ ಕೇಳಲಿ. ಕಂಡಿದೆಯೆಂದರೆ ಆ ವಾರದಲ್ಲಿಯೇ ವೈದ್ಯರ ಬಳಿಗೆ ಕರೆದೊಯ್ಯಲಿ. ಸುಮತಿಯು ಮಾಡಿದ್ದು ಇದನ್ನೇ. ಸಪ್ತರ್ಷಿಗಳ ಅಂತರ್ಯಾಮಿಯಾದ ಶ್ರೀಹರಿಯು ನಮ್ಮ ಮನೆಯ ಮಾತೆಯರಿಗೆ ದೀರ್ಘವಾದ ಆಯುಸ್ಸನ್ನೂ ಆರೋಗ್ಯವನ್ನೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.